ಒಂದೇ ಮನೆಯವರಾಗಿರಬಾರದು

ಇವಳೇ,

ನಿನ್ನ ಅಣ್ಣನ ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಗರಸಭೆ ಈ ವರ್ಷವೂ ಬಡಾವಣೆಯ ಸಂಘಗಳಿಗೆ ಅನುದಾನ ಕೊಡುತ್ತಿದೆ. ನಮ್ಮ ಸಂಘಕ್ಕೂ ಸಿಕ್ಕರೆ ಟೈಲರ್ ಅಂಗಡಿಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿಯಬಹುದು. ರೋಗಿಗಳಿಗೆ ಎರವಲು ಕೊಡುವ ಗಾಲಿಕುರ್ಚಿ, ಊರುಗೋಲುಗಳನ್ನೆಲ್ಲ ನಮ್ಮ ನಡುಮನೆಯಿಂದ ಅಲ್ಲಿಗೆ ಸಾಗಿಸಬಹುದು. "ಈ ಮನೇಲಿ ಕೂರೋಕೆ ಗಾಲಿಕುರ್ಚಿ ಬಿಟ್ರೆ ಬೇರೆ ಜಾಗ ಇಲ್ಲ ಕಣ್ರೀ" ಎಂದು ಹೇಳಿಯೇ ನೀನು ಹೊರಟಿದ್ದು. ಈಗ ನಾನು ಊಟಕ್ಕೂ ಅದರಲ್ಲೇ ಕೂರುತ್ತೇನೆ.

ಹೋದ ವರ್ಷ ನಮ್ಮ ಅರ್ಜಿ ಯಾಕೆ ವಾಪಸ್ ಬಂತೆಂದು ನಿನಗೆ ನೆನಪಿರಬೇಕು. ಸಂಘದ ಅಧ್ಯಕ್ಷರೂ ಖಜಾಂಚಿಯೂ ಒಂದೇ ಮನೆಯಲ್ಲಿ ವಾಸ ಮಾಡುವವರಾಗಿರಬಾರದು ಎಂಬ ನಿಯಮವಿದೆ. ಈ ಸಲ ಕಚೇರಿಯ ಕ್ಲರ್ಕಮ್ಮ ಖಜಾಂಚಿಯಾದ ನಿನ್ನ ಹೊಸ ವಿಳಾಸ ನೋಡಿ, "ಈಗ ಸರಿಹೋಯ್ತು ಬಿಡಿ ಸಾರ್, ಒಳ್ಳೇದೇ ಆಯ್ತು" ಎಂದರು. ನಾನೂ ಹೌದೆಂದೆ.

ಇದರ ಜೊತೆಗಿರುವ ಅರ್ಜಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ ಕಡೆ ಸಹಿ ಮಾಡಿ ಶುಕ್ರವಾರದೊಳಗೆ ಕಳಿಸು. ಅಲ್ಲಿ ಬೆಳಿಗ್ಗೆ ಚಳಿಯೆಂದು ಕೇಳಿದೆ. ನಿನ್ನ ಸ್ವೆಟರನ್ನೂ ಜೊತೆಗೆ ಇಟ್ಟಿದ್ದೇನೆ.

ಇನ್ನೊಂದು ಮಾತು. ಮನೆಗೆ ಬರುವ ಯೋಚನೆ ಒಂದು ಚೂರಾದರೂ ಇದ್ದರೆ ಸಹಿ ಮಾಡಬೇಡ. ಆಗ ಅದು ಸುಳ್ಳು ಅರ್ಜಿಯಾಗುತ್ತದೆ. ಈ ಸಲ ಅರ್ಜಿ ಹಾಕುವುದಿಲ್ಲವೆಂದು ನಾನೇ ಕಚೇರಿಗೆ ಹೋಗಿ ಹೇಳಿ ಬರುತ್ತೇನೆ. ಕುರ್ಚಿಗಳನ್ನು ನನ್ನ ಕೋಣೆಗೆ ತಳ್ಳಿದರಾಯಿತು, ನನಗೆ ಎಲ್ಲಿ ಮಲಗಿದರೂ ನಿದ್ದೆ ಅಷ್ಟಕ್ಕಷ್ಟೇ.

ನಿನ್ನ ಉತ್ತರಕ್ಕೆ ಕಾದಿರುವ,
ಅಧ್ಯಕ್ಷ