ತಾತನ ಎಡಗಾಲು

ಕ್ವಿಯಾಪೊ, ಮನಿಲಾ
13 ಏಪ್ರಿಲ್ 2000, ಗುರುವಾರ

ಪ್ರೀತಿಯ ಅಮ್ಮಾ,

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ನಿನ್ನ ಆರೋಗ್ಯ ಆಮೇಲೆ ವಿಚಾರಿಸುತ್ತೇನೆ. ಹೋದ ವರ್ಷ ಅಜ್ಜಿಯ ಮಣ್ಣು ಮುಗಿದಾಗಿನಿಂದ ನಾನು ಪಾಸಿಗ್‌ನ ಚಿಕ್ಕಮ್ಮನ ಮನೆಯಲ್ಲಿಲ್ಲ. ನಿನ್ನ ಪತ್ರಗಳನ್ನು ಚಿಕ್ಕಮ್ಮ ನನಗೆ ತಲುಪಿಸುತ್ತಾಳೆ, ಅಷ್ಟೆ. ನಾನಿರುವುದು ಕ್ವಿಯಾಪೊದಲ್ಲಿ, ದುಲೋ ಅಜ್ಜನ ಬ್ಯೂಟಿ ಪಾರ್ಲರಿನ ಅಟ್ಟದ ಮೇಲೆ. ಹೌದು, ನಿನ್ನ ಸೋದರಮಾವ ತೆಯೊದುಲೊ. ಗಂಡಸರ ಹಿಂದೆ ಹೋದವನು, ಹೆಂಗಸರ ಉಡುಪು ತೊಟ್ಟು ಕುಣಿದವನು, ಅವನ ಹೆಸರು ಈ ಮನೆಯಲ್ಲಿ ಎತ್ತಬೇಡಿ ಎಂದು ತಾತ ಮೇಜು ಗುದ್ದಿ ಹೇಳುತ್ತಿದ್ದರಲ್ಲ, ಅದೇ ದುಲೋ. ನಿನ್ನ ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಶಾಲೆ ಬಿಟ್ಟಾಗಲೂ ಕೇಳಲಿಲ್ಲ, ನಿನಗೆ ನೆನಪಿರಬಹುದು.

ಈಗ ಹೇಳು, ಮೊಣಕಾಲು ಹೇಗಿದೆ? ನೀನು ಕೆಲಸಕ್ಕಿರುವ ಮನೆಯವರು ಇನ್ನೂ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲೇ ತರಕಾರಿ ಹೊರಿಸುತ್ತಾರಾ? ಅವಳಿ ಮಕ್ಕಳು ನಿನ್ನನ್ನು ಈಗಲೂ ಅಮ್ಮ ಎಂದು ಕರೆದು ಅವರಮ್ಮನ ಕೈಯಲ್ಲಿ ಬೈಸಿಕೊಳ್ಳುತ್ತವಾ? ಹಾಂಗ್‌ಕಾಂಗಿನಲ್ಲೂ ಈಗ ಸೆಕೆ ಶುರುವಾಗಿರಬೇಕು. ನೀನು ಮಾತ್ರ ಕಾಲುಚೀಲ ಬಿಚ್ಚಿರುವುದಿಲ್ಲ. ಆ ಕಾಲುಚೀಲದ ವಿಷಯಕ್ಕೇ ಬರುತ್ತಿದ್ದೇನೆ, ಸ್ವಲ್ಪ ತಾಳು.

ಅಜ್ಜಿಯ ಶವದ ಮುಂದೆ ನಾವು ಜಾಗರಣೆ ಕೂತ ಎರಡನೆಯ ದಿನ ನಿನ್ನ ವಿಮಾನ ಇನ್ನೂ ಬಂದಿರಲಿಲ್ಲ. ಸಾವಿನ ಮನೆಯ ಬಾಗಿಲನ್ನು ನಾವು ಯಾರಿಗೂ ಹಾಕುವುದಿಲ್ಲ. ಕುಡುಕ ಬರುತ್ತಾನೆ, ಇಸ್ಪೀಟಿನವರು ಬರುತ್ತಾರೆ, ಜಗಳವಾಡಿ ಮಾತುಬಿಟ್ಟವರೂ ಬಂದು ಕಾಫಿ ಕುಡಿದು ಹೋಗುತ್ತಾರೆ. ದುಲೋ ಅಜ್ಜ ಬಂದರು. ಬಿಳಿ ಉಡುಪು, ಕಣ್ಣಿಗೆ ಕಾಡಿಗೆ, ಕೈಯಲ್ಲಿ ಮೇಣದಬತ್ತಿಯ ಕಟ್ಟು. ಒಡಹುಟ್ಟಿದ ತಂಗಿಯ ಮುಖ ನೋಡಲು ಬಂದವರಿಗೆ ತಾತ ಬಾಗಿಲು ಹಾಕಿದರು. ಒಳಗಿದ್ದವರೆಲ್ಲ ಇಸ್ಪೀಟಿನೆಲೆ ನೋಡುತ್ತ ಕೂತರು. ದುಲೋ ಅಜ್ಜ ಅಳಲಿಲ್ಲ. ಬೇಲಿಯ ಕಂಬದ ಮೇಲೆ ಮೇಣದಬತ್ತಿ ಒಂದೊಂದಾಗಿ ಹಚ್ಚಿ ನಿಲ್ಲಿಸಿ, ಕೈ ಒರೆಸಿಕೊಂಡು ಬಸ್ಸಿನ ಕಡೆ ನಡೆದರು. ನಾನು ಹಿಂದೆಯೇ ಓಡಿ ಅವರ ಕೈ ತೆಗೆದುಕೊಂಡು ನನ್ನ ಹಣೆಗೆ ಒತ್ತಿಕೊಂಡೆ. ಆ ಆಶೀರ್ವಾದವನ್ನು ನಮ್ಮ ಮನೆಯಲ್ಲಿ ಅವರಿಂದ ಯಾರೂ ಪಡೆದಿರಲಿಲ್ಲವಂತೆ. "ನಿನ್ ಹಣೆ ಎಣ್ಣೆ ಎಣ್ಣೆ ಕಣೋ, ನನ್ ಕೈ ಹಾಳಾಯ್ತು" ಎಂದರು. ಮಣ್ಣು ಮುಗಿಸಿ ನಿನ್ನನ್ನು ವಿಮಾನ ಹತ್ತಿಸಿದ ಮೇಲೆ ನಾನು ಹೋದದ್ದು ಅವರಲ್ಲಿಗೇ.

ನಾನು ಪಾರ್ಲರಿಗೆ ಬಂದ ಮೊದಲ ವಾರದಲ್ಲೇ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದಾಗ, ಕೊಳಕು ಕಾಲಲ್ಲಿ ಅಟ್ಟ ಹತ್ತಬೇಡ ಎಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಕಾಲು ತೊಳೆಯತೊಡಗಿದರು. ಬಲಗಾಲು ಮುಗಿಸಿ ಎಡಗಾಲು ಎತ್ತಿದವರು ಹಾಗೇ ಹಿಡಿದುಕೊಂಡು ಕೂತುಬಿಟ್ಟರು. ನನ್ನ ಎಡಗಾಲು ನಿನಗೆ ಗೊತ್ತಲ್ಲ, ಎರಡನೆಯ ಬೆರಳೂ ಮೂರನೆಯದೂ ತುದಿಯವರೆಗೆ ಒಂದೇ ಚರ್ಮದೊಳಗೆ ಅಂಟಿಕೊಂಡಿವೆ. ನಿನ್ನದೂ ಹಾಗೇ. ಊರಲ್ಲಿ ಬರಿಗಾಲಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಾಗ ಹುಡುಗರೆಲ್ಲ ನನ್ನನ್ನು ಬಾತುಕೋಳಿ ಎನ್ನುತ್ತಿದ್ದರು. ದುಲೋ ಅಜ್ಜ ಬೆರಳಿನ ಮೇಲಿನ ನೊರೆ ಒರೆಸಿ ಕೇಳಿದರು: "ಈ ಕಾಲು ನಿಂಗೆ ಯಾರು ಕೊಟ್ಟಿದ್ದು?" ಅಮ್ಮ ಎಂದೆ. "ಅವಳಿಗೆ?" ಗೊತ್ತಿಲ್ಲ ಎಂದೆ. "ನಂಗೊತ್ತು" ಎಂದರು.

ಅವರು ಹೇಳಿದ್ದನ್ನು ಹೇಗಿದೆಯೋ ಹಾಗೆ ಬರೆಯುತ್ತೇನೆ. ಯುದ್ಧದ ಕಾಲದಲ್ಲಿ ಅವರಿಗೆ ಇಪ್ಪತ್ತು ವರ್ಷ. ಮರದ ಮೆಟ್ಟಿಗೆ ಹೂವಿನ ಚಿತ್ರ ಬರೆಯುವ ಕೆಲಸ. ಊರಿನ ಒಂದೊಂದು ಜೋಡಿಯೂ ಅವರ ಕೈಯದೇ, ಯಾರ ಮೆಟ್ಟು ಯಾವುದೆಂದು ಕತ್ತಲಲ್ಲೂ ಹೇಳುತ್ತಿದ್ದರಂತೆ. ಅವರಿಗೊಬ್ಬ ಗೆಳೆಯನಿದ್ದ, ಕಾಂದಿದೊ, ಮೆಟ್ಟು ಕೆತ್ತುವವನು. ಒಬ್ಬರನ್ನೊಬ್ಬರು ಬಿಟ್ಟಿರುತ್ತಿರಲಿಲ್ಲ. ಊರಿಗೆ ಗೊತ್ತಿತ್ತು, ನಗುತ್ತಿತ್ತು, ಆದರೆ ಹಬ್ಬಕ್ಕೆ ಕುಣಿಯಲು ಕರೆಯುತ್ತಿತ್ತು. ಆ ವರ್ಷವೇ ಅಜ್ಜಿಗೆ ಮದುವೆಯಾಗಿ ತಾತ ಸರೋವರದಾಚೆಯಿಂದ ನಮ್ಮೂರಿಗೆ ಬಂದದ್ದು. ಹೊಸ ಭಾವನಿಗೆ ದುಲೋ ಅಜ್ಜ ಒಂದು ಜೋಡಿ ಮೆಟ್ಟು ಉಡುಗೊರೆ ಕೊಟ್ಟರು. ಪಟ್ಟಿ ಅಗಲವಾಗಿರಲಿ, ಬೆರಳು ಕಾಣಬಾರದು ಎಂದು ತಾತ ನಾಚಿಕೊಂಡು ಕೇಳಿದ್ದರಂತೆ. ಹಾಗಾಗಿ ಆ ಬೆರಳು ಮನೆಯೊಳಗಿನವರಿಗೆ ಬಿಟ್ಟು ಊರಿಗೆ ಗೊತ್ತಿರಲಿಲ್ಲ.

ಒಂದು ದಿನ ಜಪಾನಿ ಸೈನಿಕರು ಊರಿನ ಗಂಡಸರನ್ನೆಲ್ಲ ಇಗರ್ಜಿಯೊಳಗೆ ತುಂಬಿದರು. ಗೆರಿಲ್ಲಾಗಳನ್ನು ತೋರಿಸಲು ಒಬ್ಬನನ್ನು ಕರೆತಂದರು. ಮುಖ ಕಾಣದಂತೆ ತಲೆಯ ಮೇಲೆ ಸಂತೆಯ ತಾಳೆಗರಿ ಚೀಲ, ಕಣ್ಣಿಗೆ ಎರಡು ತೂತು. ಅವನು ಯಾರ ಕಡೆ ಬೆರಳು ತೋರಿಸಿದರೆ ಅವರನ್ನು ಎಳೆದುಕೊಂಡು ಹೋಗುವುದು. ಆ ಮನುಷ್ಯ ಜಾಣ. ಮೆಟ್ಟು ಹಾಕಿಕೊಂಡರೆ ದುಲೋ ಗುರುತು ಹಿಡಿಯುತ್ತಾನೆಂದು ಮೆಟ್ಟು ಬಿಟ್ಟು ಬಂದಿದ್ದ. ದುಲೋ ಅಜ್ಜ ತಲೆತಗ್ಗಿಸಿ ನಿಂತಿದ್ದರು. ಎದುರಿಗೆ ಬಂದು ನಿಂತದ್ದು ಬರಿಗಾಲು. ಎಡಗಾಲಿನಲ್ಲಿ ಎರಡು ಬೆರಳು ಅಂಟಿಕೊಂಡಿದ್ದವು. ತಲೆ ಎತ್ತುವಷ್ಟರಲ್ಲಿ ಚೀಲದವನ ಕೈಬೆರಳು ತಮ್ಮ ಕಡೆ ಇತ್ತು, ಆಮೇಲೆ ಕಾಂದಿದೊನ ಕಡೆ.

ತಾತ ಒಬ್ಬ ಗೆರಿಲ್ಲಾನನ್ನೂ ಹಿಡಿದುಕೊಡಲಿಲ್ಲ, ಅಮ್ಮಾ. ಊರ ಚೌಕದ ಸ್ಮಾರಕದ ಕಲ್ಲಿನಲ್ಲಿ ಅವರ ಬಗ್ಗೆ ಹಾಗೆಂದು ಕೆತ್ತಿರುವುದು ಸುಳ್ಳಲ್ಲ. ಯಾರನ್ನಾದರೂ ಕೊಡಲೇಬೇಕಿತ್ತು, ಊರಲ್ಲಿ ಯಾರಿಗೂ ಬೇಡವಾದ ಇಬ್ಬರನ್ನು ಆರಿಸಿಕೊಟ್ಟರು. ಸೈನಿಕರು ಅವರಿಬ್ಬರನ್ನು ನೋಡಿ ನಕ್ಕರಂತೆ. ಕೊಲ್ಲಲಿಲ್ಲ. ಶಾಲೆಯ ಕಟ್ಟಡದಲ್ಲಿ ಬೀಡುಬಿಟ್ಟಿದ್ದರು, ಅಲ್ಲಿಗೆ ಒಯ್ದು ಹೆಂಗಸರ ಬಟ್ಟೆ ಉಡಿಸಿ ಇಟ್ಟುಕೊಂಡರು. ಹಗಲು ಬಟ್ಟೆ ಒಗೆಯುವುದು, ಮಿಕ್ಕ ಹೊತ್ತು ಯಾರು ಕರೆದರೆ ಅವರ ಬಳಿ ಹೋಗುವುದು. ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ, ಅವರು ಹೇಳಿದ್ದಾರೆ, ನಾನು ಕೇಳಿದ್ದೇನೆ. ಕಾಂದಿದೊ ಅಲ್ಲೇ ಸತ್ತ. ಯುದ್ಧ ಮುಗಿದು ದುಲೋ ಅಜ್ಜ ಮನೆಗೆ ನಡೆದು ಬಂದಾಗ ತಾತ ಆಗಲೇ ವೀರರಾಗಿದ್ದರು, ಬೂಟು ಹಾಕಿಕೊಂಡಿದ್ದರು. ಅಜ್ಜಿ ಹಿತ್ತಲಿಗೆ ಬಂದು ಅಣ್ಣನ ಕಾಲು ಹಿಡಿದಳು. ಅವಳಿಗೂ ಗೊತ್ತಾಗಿತ್ತು, ತೂತು ಮಾಡಿದ ಚೀಲ ಅವಳದೇ. ತಾನು ಬದುಕಿರುವವರೆಗೆ ಬಾಯಿ ಬಿಡಬೇಡ ಎಂದು ಕೇಳಿಕೊಂಡಳು. ದುಲೋ ಅಜ್ಜ ಮಾತು ಕೊಟ್ಟರು, ಅವಳ ಉಸಿರು ನಿಲ್ಲುವವರೆಗೂ ನಡೆಸಿದರು. ಆ ಮಾತು ಈಗ ತೀರಿತು.

ದುಲೋ ಅಜ್ಜನ ಬದುಕಿನ ಮೇಲೆ ಸಿನಿಮಾ ಮಾಡಬೇಕೆಂದು ಮಿಸ್ ಕೊರಾಸಾನ್ ಎಂಬ ನಿರ್ದೇಶಕಿ ಮೂರು ವರ್ಷದಿಂದ ಪಾರ್ಲರಿಗೆ ಬಂದು ಉಗುರು ಕತ್ತರಿಸಿಕೊಂಡು ಹೋಗುತ್ತಿದ್ದಳು. ಅಜ್ಜಿ ಹೋದ ಮೇಲೆ ಒಪ್ಪಿದರು. ಕೊನೆಯಲ್ಲಿ ಮುದುಕ ತನ್ನನ್ನು ಹಿಡಿದುಕೊಟ್ಟವನ ಸಮಾಧಿಗೆ ಹೂವಿಟ್ಟು ಕ್ಷಮಿಸುತ್ತಾನೆಂದು ಆಕೆ ಬರೆದಿದ್ದಳು. ದುಲೋ ಅಜ್ಜ ಆ ಹಾಳೆಯಲ್ಲಿ ಲಿಪ್‌ಸ್ಟಿಕ್ ಒರೆಸಿಕೊಂಡು ವಾಪಸ್ ಕೊಟ್ಟರು. "ಸಮಾಧಿ ಎಲ್ಲಿದೆ ತಾಯಿ? ಆ ಮನುಷ್ಯ ಬೆಳಿಗ್ಗೆ ಎರಡು ಮೊಟ್ಟೆ ತಿಂದು ಗಟ್ಟಿಮುಟ್ಟಾಗಿದಾನೆ. ಕ್ಷಮೆ ಬೇಕಾದ್ರೆ ಬಂದು ಕೇಳ್ಲಿ. ಕೇಳಿದ್ರೂ ಕೊಡಲ್ಲ." ತಲೆಗೆ ಚೀಲ ಹಾಕಿಕೊಳ್ಳುವ ಪಾತ್ರಕ್ಕೆ ಯಾರನ್ನೋ ತಂದಿದ್ದರು, ನುಣುಪು ಕಾಲಿನವನು. ನಾನು ಚಪ್ಪಲಿ ಬಿಚ್ಚಿ ಮಿಸ್ ಕೊರಾಸಾನ್ ಮುಂದೆ ನಿಂತೆ. ಯಾರೂ ಹೇಳಿಕೊಡಲಿಲ್ಲ, ನಾನೇ ನಿಂತೆ.

ಚೀಲದೊಳಗೆ ಒಣಮೀನಿನ ವಾಸನೆ. ಕ್ಯಾಮೆರಾ ನೆಲದಲ್ಲಿಟ್ಟು ನನ್ನ ಕಾಲನ್ನೇ ಹಿಡಿದರು. ಬೆರಳು ತೋರಿಸುವ ಮುನ್ನ ನಾನು ದುಲೋ ಅಜ್ಜನನ್ನು ಕೇಳಿದೆ, ಆವತ್ತು ತಾತನ ಕೈ ನಡುಗಿತ್ತಾ? ನಡುಗಿತ್ತು, ಆದರೆ ನೀನು ನಡುಗಿಸಬೇಡ, ನೋಡಿದವರು ಅವನ ಮೇಲೆ ಮರುಕಪಡುತ್ತಾರೆ ಎಂದರು. ನಿಜವಾಗಿದ್ದರೆ ನಡುಗಿಸುತ್ತೇನೆ ಎಂದೆ. ಸುಳ್ಳು ಬೆರೆಸಿ ಸೇಡು ತೀರಿಸಿಕೊಂಡರೆ ನಾಳೆ ತಾತ ಆ ಸುಳ್ಳನ್ನೇ ಹಿಡಿದು ಪಾರಾಗುತ್ತಾರೆ. ನನ್ನ ಕೈ ನಡುಗಿತು, ನಾನು ಬೇಕೆಂದು ನಡುಗಿಸಲೂ ಬೇಕಾಗಲಿಲ್ಲ. ದುಲೋ ಅಜ್ಜ ಎರಡು ದಿನ ನನಗೆ ಅನ್ನ ಬಡಿಸಲಿಲ್ಲ. ಮೂರನೆಯ ದಿನ ತಟ್ಟೆ ಮುಂದೆ ಕುಕ್ಕಿ, "ಇರ್ಲಿ ಬಿಡು. ನಡುಗಿದ ಕೈ ಕೆಳಗೆ ಇಳೀಲಿಲ್ವಲ್ಲ, ಅದನ್ನೂ ನೋಡ್ಲಿ ಊರು" ಎಂದರು.

ನಾಡಿದ್ದು ಶನಿವಾರ ಸಂಜೆ ನಮ್ಮೂರ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸುತ್ತಾರೆ. ಯುದ್ಧದ ಸಿನಿಮಾ ಎಂದು ಪಾದ್ರಿಗಳೂ ಒಪ್ಪಿದ್ದಾರೆ, ತಾತನನ್ನೇ ಮುಖ್ಯ ಅತಿಥಿ ಮಾಡಿದ್ದಾರೆ. ಯಾರ ಹೆಸರನ್ನೂ ಸಿನಿಮಾ ಹೇಳುವುದಿಲ್ಲ. ಆದರೆ ಪರದೆಯಗಲ ಆ ಕಾಲು ಬಂದಾಗ ನಮ್ಮೂರಿನವರು ಇದು ಬಾತುಕೋಳಿಯ ಕಾಲು ಎನ್ನುತ್ತಾರೆ. ಅದು ಅವನಮ್ಮನಿಗೂ ಇದೆಯಂತೆ ಎನ್ನುತ್ತಾರೆ. ಅಜ್ಜಿಯ ಕಾಲು ಎಲ್ಲರೂ ನೋಡಿದ್ದಾರೆ, ನೆಟ್ಟಗಿತ್ತು. ಉಳಿದದ್ದು ಒಂದೇ ಜೋಡಿ, ಐವತ್ತೈದು ವರ್ಷದಿಂದ ಬೂಟಿನಿಂದ ಹೊರಗೆ ಬಾರದ ಜೋಡಿ. ಶುಭ ಶುಕ್ರವಾರ ಊರಿಗೆ ಊರೇ ಬರಿಗಾಲಲ್ಲಿ ಮೆರವಣಿಗೆ ನಡೆದರೆ ಡಾಕ್ಟರು ಬೇಡವೆಂದಿದ್ದಾರೆಂದು ಬೂಟಿನಲ್ಲಿ ನಡೆಯುವವರು ಯಾರು, ಹೇಳು. ಅದರ ಹಿಂದಿನ ದಿನ ಗುರುವಾರ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಪಾದ್ರಿಗಳು ಹನ್ನೆರಡು ಮಂದಿಯ ಕಾಲು ತೊಳೆಯುವಾಗ ಪ್ರತಿ ವರ್ಷ ಸಂತ ಪೇತ್ರನ ಕುರ್ಚಿಯಲ್ಲಿ ಕೂರುವವರು ತಾತನೇ. ಪಾದ್ರಿಗಳು ತೊಳೆಯುವುದು ಬಲಗಾಲು ಮಾತ್ರ. ಈ ಸಲ ಅವರು ಕುರ್ಚಿಯಲ್ಲಿ ಕೂತಾಗ ಇಡೀ ಇಗರ್ಜಿ ಎಡಗಡೆಯ ಬೂಟು ನೋಡುತ್ತದೆ. ಯಾರೂ ಬಾಯಿ ಬಿಡುವುದು ಬೇಡ, ನೋಡಿದರೆ ಸಾಕು. ಕೂರದೆ ಮನೆಯಲ್ಲಿ ಉಳಿದರೂ ಸಾಕು.

ಚಿಕ್ಕಮ್ಮನ ಮೇಲೆ ಕೋಪ ಮಾಡಬೇಡ, ನಾನೇ ಆಣೆ ಹಾಕಿಸಿದ್ದೆ. ಅವಳಿ ಮಕ್ಕಳಿಗೆ ನನ್ನ ಮುತ್ತು. ಮೊಣಕಾಲಿಗೆ ಶುಂಠಿ ಎಣ್ಣೆ ಹಚ್ಚು. ದುಲೋ ಅಜ್ಜ ನಿನಗೆ ಆಶೀರ್ವಾದ ಹೇಳಲು ಹೇಳಿದ್ದಾರೆ. ಬೇಡವೆಂದರೂ ಕಳಿಸುತ್ತೇನೆ, ಅದು ನಿನಗೆ ತಡವಾಗಿ ಸಿಗುತ್ತಿರುವುದು.

ನಿನ್ನ ಮಗ,
ಅರ್ನೆಲ್

ಮರೆತಿದ್ದೆ: ಫೋನ್ ಮಾಡಬಹುದಿತ್ತು, ಮಾಡಿದರೆ ನೀನು ಅಳುತ್ತೀಯ, ನಾನು ಊರಿಗೆ ಹೋಗದೆ ನಿಂತುಬಿಡುತ್ತೇನೆ. ಅದಕ್ಕೇ ಪತ್ರ. ಇದು ನಿನ್ನ ಕೈಸೇರುವ ಹೊತ್ತಿಗೆ ಈಸ್ಟರ್ ಕಳೆದಿರುತ್ತದೆ. ತಾತ ಫೋನಿನಲ್ಲಿ ನಿನ್ನನ್ನು ಕೇಳುತ್ತಾರೆ, ಆ ಬೆರಳು ನಿನ್ನ ಗಂಡನ ಕಡೆಯಿಂದ ಬಂದದ್ದು, ನಿನ್ನ ಕಾಲು ಸರಿಯಾಗೇ ಇದೆ ಎಂದು ಊರಿಗೆ ಹೇಳು ಅನ್ನುತ್ತಾರೆ. ಹೇಳಬೇಡ ಅಮ್ಮಾ. ಕಾಲುಚೀಲ ಬಿಚ್ಚು. ದುಲೋ ಅಜ್ಜ ಕೆಳಗೆ ಬಿಳಿ ಉಡುಪಿಗೆ ಇಸ್ತ್ರಿ ಹಾಕುತ್ತಿದ್ದಾರೆ, ನಾನು ಊರಿಗೆ ಚಪ್ಪಲಿ ಒಯ್ಯುತ್ತಿಲ್ಲ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇವೆ.