ಲೆಕ್ಕಕ್ಕಿಲ್ಲದ ಗಾಳಿ

ನವೆಂಬರ್ ೨೪, ಬೆಳಿಗ್ಗೆ

‘ಗಾಳಿಗೆ ಗುರುತಿಲ್ಲ, ಬಿದ್ದ ಮರವೇ ಗುರುತು.’ ಎಲ್ಲಿ ಓದಿದ್ದು? ಬಿದ್ದ ಮರವೋ, ಬಾಗಿದ ಮರವೋ? ಎಂ.ಎ. ಕಾಲದ ನೋಟ್‌ಬುಕ್ಕಿನಲ್ಲಿ ಹುಡುಕಿದೆ. ಸಿಗಲಿಲ್ಲ. ಅದಿರಲಿ, ಸಾಲೇ ಸುಳ್ಳಿರಬೇಕು. ಮರವೇ ಇಲ್ಲದ ಕಡೆ ಬೀಸಿದ ಗಾಳಿಗೆ ಏನು ಗುರುತು? ಮಹಾರಾಷ್ಟ್ರದ ಗಡಿಯೂರು ಸಂಖದ ಈ ಬಯಲಲ್ಲಿ ಬೀಳುವುದಕ್ಕೆ ಇರುವುದು ನಾಲ್ಕು ಜಾಲಿ.

ಚಹಾ ಕುಡಿದು ವಿಶ್ವಕೋಶ ತೆರೆದೆ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ಅಳಿಸಲು ಹೇಳಬಹುದಾದ ಇಂಟರ್ನೆಟ್ಟಿನ ವಿಶ್ವಕೋಶ. ಜತ್ತದ ಕಾಲೇಜಿನಲ್ಲಿ ತಾಸಿಗಿಷ್ಟೆಂದು ಮಾಡುತ್ತಿದ್ದ ಪಾಠ ನಿಂತ ಮೇಲೆ ಇದೇ ನನ್ನ ಕೆಲಸ — ಎಂಟು ವರ್ಷ. ಈಗ ಚಳಿಗಾಲದ ಬಿರುಗಾಳಿಗಳ ಸರದಿ. ಯಾವುದಕ್ಕೆ ಪುಟ, ಯಾವುದಕ್ಕಿಲ್ಲ ಎಂದು ವಾದಿಸಿ ಮತ ಹಾಕುವುದು. ನಾನು ಹಿಮ ಕಂಡದ್ದು ಫ್ರಿಜ್ಜಿನೊಳಗೆ ಮಾತ್ರ. ಆದರೂ ಇವತ್ತು ಮೂರು ಹಿಮಗಾಳಿಗಳನ್ನು ಅಳಿಸಿ ಎಂದು ಮತ ಹಾಕಿದೆ.

ಕಳೆದ ತಿಂಗಳು ನಿಯಮ ಬರೆದವಳೂ ನಾನೇ. ‘ಎರಡು ಸ್ವತಂತ್ರ ಪತ್ರಿಕೆಗಳು ಬರೆಯದ, ಅಳತೆಯ ದಾಖಲೆ ಇಲ್ಲದ ಗಾಳಿಗೆ ಪುಟವಿಲ್ಲ. ಕಂಡವರ ನೆನಪು ಆಧಾರವಲ್ಲ.’ ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲೂ ನೆಟ್ಟಗೆ ನಿಲ್ಲುತ್ತದೆ.

ನವೆಂಬರ್ ೨೬

ದೂರದ ಯಾವುದೋ ಚಳಿದೇಶದ ಹೆಂಗಸು ಚರ್ಚೆಯಲ್ಲಿ ಬೇಡಿಕೊಂಡಿದ್ದಾಳೆ. ನಾನು ಅಳಿಸಲು ಹೇಳಿದ ಒಂದು ಬಿರುಗಾಳಿಯಲ್ಲಿ ಅವಳ ಅಪ್ಪ ರಸ್ತೆ ಮೇಲೆ ಕಾರಿನೊಳಗೇ ಹೆಪ್ಪುಗಟ್ಟಿ ಸತ್ತನಂತೆ. ‘ನಮ್ಮೂರಲ್ಲಿ ಪತ್ರಿಕೆ ಇರಲಿಲ್ಲ. ಆದರೆ ಗಾಳಿ ಇತ್ತು.’

ಉತ್ತರ ಬರೆದೆ: ‘ನಿಮ್ಮ ದುಃಖಕ್ಕೆ ವಿಷಾದವಿದೆ. ಕಂಡವರ ನೆನಪು ಆಧಾರವಲ್ಲ.’ ಎರಡೇ ವಾಕ್ಯ. ಮತ್ತೆ ಓದಿಕೊಂಡೆ. ಹೆಚ್ಚಿಲ್ಲ, ಕಡಿಮೆಯಿಲ್ಲ. ಖುಷಿಯಾಯಿತು.

ಪುಟ ಹೋಯಿತು.

ನವೆಂಬರ್ ೨೮, ಸಂಜೆ

ಪಕ್ಕದ ಮನೆಯ ಗೊಲ್ಲಾಳಪ್ಪ, ಕಾಳವ್ವನ ಗಂಡ, ಬಂದಿದ್ದ. ಕುರಿಯವನು, ಅರವತ್ತೆರಡು ಕುರಿ. ಕುರಿಗಳ ಮೈ ತೊಳೆದಾಗಿದೆ. ಉಣ್ಣೆ ಕತ್ತರಿಸುವವರು ಬಂದು ಕೂತಿದ್ದಾರೆ. ನಾಳೆ ಕತ್ತರಿ ಹಾಕದಿದ್ದರೆ ಅವರು ಸೊರಡಿಗೆ ಹೋಗುತ್ತಾರೆ, ಮತ್ತೆ ಹತ್ತು ಹನ್ನೆರಡು ದಿನ ಸಿಗುವುದಿಲ್ಲ. ಹೊಸ್ತಿಲ ಹೊರಗೇ ನಿಂತ.

“ಅಕ್ಕೋರ, ಮೂಡಗಾಳಿ ಬೀಸಾಕತ್ತೈತ್ರಿ. ನಮ್ಮಪ್ಪ ಇದ್ದಿದ್ರ ಕತ್ರಿ ಮುಟ್ಟಸ್ತಿದ್ದಿಲ್ಲ. ಏನಂತೀರಿ?”

“ನನ್ನನ್ಯಾಕ ಕೇಳ್ತಿ, ಗೊಲ್ಲಾಳಪ್ಪಾ?”

“ದುನಿಯಾದ ಗಾಳಿ ಎಲ್ಲಾ ನಿಮ್ಮ ಕಂಪ್ಯೂಟರ್‌ದಾಗ ಅದಾವಲ್ರಿ. ಕಾಳವ್ವ ಅಂದ್ಳು, ಅಕ್ಕೋರ್ನ ಕೇಳಿ ಬರ್ರಿ ಅಂತ.”

ಮತ್ತೊಂದು ಹಿಮಗಾಳಿಯ ವಾದ ಅರ್ಧಕ್ಕೆ ನಿಂತಿತ್ತು. ಉಪಗ್ರಹದ ಚಿತ್ರ ತೆಗೆದು ಕಣ್ಣಾಡಿಸಿದೆ. ಬಂಗಾಳಕೊಲ್ಲಿಯಲ್ಲೊಂದು ಸುಳಿ. ಅದಕ್ಕಿನ್ನೂ ಹೆಸರೂ ಇಟ್ಟಿಲ್ಲ.

“ಲೆಕ್ಕಕ್ಕಿಲ್ಲದ ಗಾಳಿ. ಹಾಕಸು ಕತ್ರಿ,” ಅಂದೆ.

ನಕ್ಕ. ಕೈಮುಗಿದು ಹೋದ. ಒಂದು ನಿಮಿಷವೂ ಆಗಿರಲಿಲ್ಲ. ಹಿಮಗಾಳಿಯ ವಾದ ಗೆದ್ದೆ.

ನವೆಂಬರ್ ೩೦, ಬೆಳಿಗ್ಗೆ

ನಿನ್ನೆ ಕತ್ತಲಾಗುತ್ತಲೇ ಹನಿ. ಸಣ್ಣ ಹನಿ, ಸದ್ದೇ ಇಲ್ಲ. ಗಾಳಿ ತಣ್ಣಗೆ, ಒಂದೇ ಸಮ. ಕಾಳವ್ವ ಕೊಟ್ಟ ಕಂಬಳಿ ಹೊದ್ದು ಪದ್ಯ ಓದಿದೆ. ಎಷ್ಟೋ ದಿನದ ಮೇಲೆ ಸುಖನಿದ್ದೆ…

ಅದೇ ದಿನ, ಮಧ್ಯಾಹ್ನ

ನಲವತ್ತಮೂರು.

ಹೊಲದಲ್ಲಿ ಒಂದರ ಮೇಲೊಂದು ಬಿದ್ದಿವೆ. ಬೆಚ್ಚಗಿರಲೆಂದು ಒಳಗೆ ಒಳಗೆ ನುಗ್ಗಿವೆ. ನಡುವಿನವು ಉಸಿರುಗಟ್ಟಿ ಸತ್ತವು, ಅಂಚಿನವು ಸೆಟೆದು ಸತ್ತವು. ಹೊಸದಾಗಿ ಕತ್ತರಿ ಆಡಿದ ಮೈ. ತೊಗಲಿನ ಮೇಲೆ ಕತ್ತರಿಯ ಗೆರೆ ಎಣಿಸಬಹುದಿತ್ತು. ಉಳಿದದ್ದು ಹತ್ತೊಂಬತ್ತು — ನಿನ್ನೆ ಹೊತ್ತು ಮುಳುಗಿತೆಂದು ಕತ್ತರಿ ಹಾಕದೆ ಬಿಟ್ಟವು. ಅವು ಪಕ್ಕದಲ್ಲೇ ನಿಂತು ಮೇಯುತ್ತಿದ್ದವು.

ಒಂದು ಮರವೂ ಬಿದ್ದಿಲ್ಲ. ಜಾಲಿಯ ಟೊಂಗೆ ಕೂಡ.

ಮಂದಿ ಸೇರಿದ್ದರು. ಕಾಳವ್ವನ ತಮ್ಮ ಅಮೋಗಸಿದ್ದ, ಅವನೂ ಕುರಿಯವನೇ, ಎಲ್ಲರೆದುರು ಕೇಳಿದ:

“ಮೂಡಗಾಳ್ಯಾಗ ಕತ್ರಿ ಹಾಕ್ಸೋದು ಯಾವ ಕುರುಬ್ರ ಪದ್ಧತಿ, ಮಾಮಾ? ನಿಮ್ಮಪ್ಪ ಕಲಿಸಿದ್ದೇನು? ಕುರಿ ಕಾಯಾವ ಬ್ಯಾರೆ, ಕುರಿ ಆಗಾವ ಬ್ಯಾರೆ!”

ಯಾರೋ ನಕ್ಕರು. ಗೊಲ್ಲಾಳಪ್ಪ ಒಂದು ಕುರಿಯ ಕಿವಿ ಹಿಡಿದು ಕೂತಿದ್ದ. ತಲೆ ಎತ್ತಿದ. ನನ್ನನ್ನು ನೋಡಿದ. ನಾನು ಅವನಿಂದ ಐದಾರು ಹೆಜ್ಜೆ ದೂರ. ಒಂದು ಮಾತು ಸಾಕಿತ್ತು — ನಾನು ಹೇಳಿದ್ದೆ ಅಂತ.

“ತಪ್ಪಾತಪಾ. ನನಗ ಬುದ್ಧಿ ಇರಲಿಲ್ಲ,” ಅಂದ.

ನಾನು ಸೆರಗು ಸರಿಮಾಡಿಕೊಂಡೆ. ಅಷ್ಟೇ ಮಾಡಿದ್ದು.

ಡಿಸೆಂಬರ್ ೨

ನಷ್ಟದ ಪಂಚನಾಮೆಗೆ ಸರಕಾರದಿಂದ ಬಂದವರು ಹೊಲದ ಅಂಚಿನಲ್ಲೇ ನಿಂತು ನೋಡಿದರು. ಮಳೆಮಾಪಕದಲ್ಲಿ ಒಂಬತ್ತು ಮಿಲಿಮೀಟರ್. ಅತಿವೃಷ್ಟಿ ಅಲ್ಲ, ಆಲಿಕಲ್ಲಲ್ಲ, ಸಿಡಿಲಲ್ಲ. ಪರಿಹಾರಕ್ಕೆ ಯಾವ ಕಾಲಮ್ಮಿನಲ್ಲಿ ಬರೆಯುವುದು? ಬರೆದುಕೊಳ್ಳುತ್ತಿದ್ದ ಹುಡುಗ ಒಳ್ಳೆಯವನೇ. ಈ ಗಾಳಿ ಲೆಕ್ಕಕ್ಕೆ ಬರುವುದಿಲ್ಲ ಎಂದು ಮರಾಠಿಯಲ್ಲಿ ಕ್ಷಮೆ ಕೇಳಿಯೇ ಹೋದ. ನಾನೂ ಅವನ ಜಾಗದಲ್ಲಿ ಅದನ್ನೇ ಮಾಡುತ್ತಿದ್ದೆ. ಮಾಡಿದ್ದೇನೆ.

ಸಂಜೆ ಕಾಳವ್ವ ಬೇಲಿಯಾಚೆ ಸಿಕ್ಕಳು. ಮೆಲ್ಲಗೆ ಹೇಳಿದಳು: “ಹೆದರಬ್ಯಾಡ್ರಿ ಅಕ್ಕೋರ. ನಿಮ್ಮ ಹೆಸರ ಎತ್ತಬ್ಯಾಡ ಅಂದಾರ ಅವ್ರು. ಕಲತ ಬಾಯಿ, ಸುಳ್ಳ ಹೇಳಿರಾಕಿಲ್ಲ ಅಂತಾರ.”

ಹೆದರಿಕೆ ಅವಳಿಗೆ ಕಂಡಿತಲ್ಲ!

ಡಿಸೆಂಬರ್ ೯, ಬೆಳಿಗ್ಗೆ

ವಾರ ಬರೆಯಲಿಲ್ಲ. ಗೊಲ್ಲಾಳಪ್ಪ ಮನೆಯಿಂದ ಹೊರಗೆ ಬರುವುದಿಲ್ಲ. ಕಟ್ಟೆಯ ಮೇಲೆ ಅವನನ್ನು ಈಗ ಕತ್ರಿ ಗೊಲ್ಲಾಳಪ್ಪ ಅನ್ನುತ್ತಾರೆ. ಹಿಂಡನ್ನು ಕಾಳವ್ವ ಒಬ್ಬಳೇ ಮೇಯಿಸುತ್ತಾಳೆ.

ನಿನ್ನೆ ಕೂತು ಪುಟ ಬರೆದೆ. ನವೆಂಬರ್ ೨೯ರ ರಾತ್ರಿ, ಜತ್ತ ತಾಲೂಕಿನ ಪೂರ್ವಭಾಗ, ತಣ್ಣನೆ ಹನಿ, ಮೂಡಣದ ಗಾಳಿ, ನಲವತ್ತಮೂರು ಕುರಿ. ಮೂಡಗಾಳಿಯಲ್ಲಿ ಕತ್ತರಿ ಹಾಕಬಾರದೆಂಬ ಕುರುಬರ ಪದ್ಧತಿಯನ್ನೂ ಬರೆದೆ. ಯಾರ ಮಾತಿನ ಮೇಲೆ ಹಾಕಿದರು ಎಂಬುದನ್ನು ಬರೆಯಲಿಲ್ಲ. ಆಧಾರವಿಲ್ಲ — ಎಂದು ನನಗೆ ನಾನೇ ಹೇಳಿಕೊಂಡೆ.

ಬೆಳಿಗ್ಗೆ ಅಳಿಸುವ ಸೂಚನೆ ಬಿದ್ದಿದೆ. ಹಾಕಿದವಳು ಆ ಚಳಿದೇಶದ ಹೆಂಗಸು. ಒಂದು ಕೆಟ್ಟ ಮಾತಿಲ್ಲ. ‘ನಿಮ್ಮ ದುಃಖಕ್ಕೆ ವಿಷಾದವಿದೆ. ಕಂಡವರ ನೆನಪು ಆಧಾರವಲ್ಲ.’ ಕೆಳಗೆ ನನ್ನ ನಿಯಮದ ಕೊಂಡಿ.

ಅವಳಿಗೆ ತಿರುಗಿ ಬರೆಯಲು ಒಂದು ತಾಸು ಕೂತೆ. ಬೈಯಬೇಕೆನಿಸಿತು. ಕ್ಷಮೆ ಕೇಳಬೇಕೆನಿಸಿತು. ಕೊನೆಗೆ ಅವಳ ಸೂಚನೆಯ ಕೆಳಗೆ ನನ್ನ ಮತ ಹಾಕಿದೆ. ಅಳಿಸಿ.

ನಿಯಮಕ್ಕಾಗಿ ಹಾಕಿದೆನೋ, ಆ ಪುಟ ಇದ್ದರೆ ಯಾರಾದರೂ ಒಂದು ದಿನ ಗೊಲ್ಲಾಳಪ್ಪನನ್ನು ‘ಯಾರು ಹೇಳಿದ್ದು?’ ಎಂದು ಕೇಳಿಯಾರೆಂದು ಹಾಕಿದೆನೋ… ಈ ದಿನಚರಿ ಓದುವವರು ಯಾರೂ ಇಲ್ಲ. ಆದರೂ ಬರೆಯಲು ಕೈ ಬರುತ್ತಿಲ್ಲ.

ಡಿಸೆಂಬರ್ ೧೧, ಸಂಜೆ ೫.೩೦

ಬೆಳಗಿನಿಂದ ಮತ್ತೆ ಮೂಡಗಾಳಿ. ಸಾಲು ನೆನಪಾಯಿತು: ಬಾಗಿದ ಮರ, ಬಿದ್ದದ್ದಲ್ಲ. ಅಥವಾ ಎರಡೂ ಅಲ್ಲ. ಕತ್ತರಿಯವರು ಸೊರಡಿಯಿಂದ ತಿರುಗಿ ಬಂದಿದ್ದಾರೆ. ಕಂಬಳಿ ಮಡಿಚಿ ಪೆಟ್ಟಿಗೆಗೆ ಹಾಕುತ್ತಿದ್ದೆ, ಬಾಗಿಲು ಬಡಿದ ಸದ್ದು. ಕಾಳವ್ವ. ಒಳಗೆ ಬಾ ಅಂದರೆ ಬರಲಿಲ್ಲ. ಈ ಸಲವಾದರೂ ಹೇಳಿಬಿಡಬೇಕು, ಊರೆದುರು ಹೇಳುತ್ತೇನೆ ಅನ್ನಬೇಕು ಎಂದು ಬಾಯಿ ತೆರೆದೆ. ಅವಳೇ ಮೊದಲು ಮಾತಾಡಿದಳು:

“ಸರಕಾರದ ಮಂದಿನೂ ಅದನ್ನ ಅಂದ್ರಲ್ರಿ ಅಕ್ಕೋರ, ಲೆಕ್ಕಕ್ಕಿಲ್ಲದ ಗಾಳಿ ಅಂತ. ನೀವ ಮದಲ ಹೇಳಿದ್ರಿ. ನಿಮ್ಮ ಮಾತ ಖರೇ ಆತು ಅಂದ್ರು ಇವ್ರು. ಉಳದ ಹತ್ತೊಂಬತ್ತಕ್ಕ ನಾಳಿ ಕತ್ರಿ ಹಾಕಸ್ಲೇನ್ರಿ?”