ಅರ್ಧ ಬೆಟ್ಟ ಹತ್ತಿದ ಹುಡುಗ

ಬೆಟ್ಟದ ಬುಡದ ವಸತಿಗೃಹ,
ಸೋಮವಾರ ಸಂಜೆ, ಮಳೆ

ನನ್ನ ಮನೆಯ ಯಜಮಾನಿಗೆ,

ಹಲ್ಲು ಕಿತ್ತ ಜಾಗದ ಊತ ಇಳಿಯಿತೆ? ಬಿಸಿಯದ್ದೇನೂ ಕುಡಿಯಬೇಡ, ಪಕ್ಕದ ಮನೆಯವರ ಜೊತೆ ಹೆಚ್ಚು ಮಾತೂ ಬೇಡ. ಎರಡನೆಯದು ಕಷ್ಟವೆಂದು ಬಲ್ಲೆ. ನಾನು ಕ್ಷೇಮ, ಎಡ ಮಂಡಿಯೊಂದನ್ನು ಬಿಟ್ಟು. ನನ್ನ ಫೋನು ನೀರು ಕುಡಿದು ಮಲಗಿದೆ. ಮಗಳು ತನ್ನದನ್ನು ಕೊಡುತ್ತಿಲ್ಲ, ಕಾರಣ ಕೆಳಗಿದೆ.

ಅವಳು ಮೆಚ್ಚಿದ ಹುಡುಗ ಇಂದು ಶಿಖರ ಮುಟ್ಟಲಿಲ್ಲ. ವರದಿ ಮಾಡುತ್ತಿರುವವನು ಪಕ್ಕದಲ್ಲೇ ಇದ್ದ ನಾನು. ಹೊರಡುವ ಮುನ್ನ ನಿನ್ನೆದುರೇ ಷರತ್ತು ಹಾಕಿದ್ದೆನಲ್ಲ: ನನ್ನ ಜೊತೆ ತುದಿಯವರೆಗೆ ಹತ್ತಿದರೆ ಮದುವೆ, ಇಲ್ಲದಿದ್ದರೆ ಇಲ್ಲ. 'ಬೆಟ್ಟಕ್ಕೇ ಏದುಸಿರು ಬಿಡೋನು ಸಂಸಾರದ ನೊಗ ಹೇಗೆ ಎಳೀತಾನೆ' ಅಂದಿದ್ದೆ. ಮಗಳು ನಗುತ್ತ ಒಪ್ಪಿದ್ದಳು. 'ಹತ್ತೋದು ಅವನೊಬ್ಬನೇ ಅಲ್ಲ, ನೀವೂ ಹತ್ತಬೇಕು' ಎಂದು ನೀನು ಅಂದದ್ದು ಆಗ ಕಿವಿಗೆ ಬೀಳಲಿಲ್ಲ.

ಬೆಳಿಗ್ಗೆ ಮೂವರೂ ಹೊರಟೆವು. ಮಳೆ ಮೇಲಿಂದಷ್ಟೇ ಅಲ್ಲ, ಪಕ್ಕದಿಂದಲೂ ಬರುತ್ತಿತ್ತು. ನೀನು ಕೊಟ್ಟ ಕೊಡೆ ಮೊದಲ ತಿರುವಿನಲ್ಲೇ ಒಳಹೊರಗಾಗಿ ಕಣಿವೆಗೆ ಹಾರಿತು. ನಮ್ಮೆಲ್ಲರಿಗಿಂತ ಅದೇ ಚುರುಕು. ಜಿಗಣೆಗಳು ನೆಂಟರ ಹಾಗೆ ಹೇಳದೆ ಕೇಳದೆ ಕಾಲುಚೀಲದೊಳಗೆ ಬಂದು ಕೂತವು. ಹುಡುಗ ಮುಂದೆ ನಡೆಯುತ್ತ, ಜಾರುವ ಕಲ್ಲು ಯಾವುದೆಂದು ತೋರಿಸುತ್ತ, ಹಿಮ್ಮಡಿಯಿಂದ ಕೆಸರಿನಲ್ಲಿ ನನಗೆ ಮೆಟ್ಟಿಲು ಮಾಡಿಕೊಡುತ್ತಿದ್ದ. ಅರ್ಧ ದಾರಿಯಲ್ಲಿ ನನ್ನ ಮಂಡಿ ಮುಷ್ಕರ ಹೂಡಿತು. ಬಾಯಿಬಿಟ್ಟು ಹೇಳುವುದು ಹೇಗೆ? ದೃಶ್ಯ ಸವಿಯುವವನಂತೆ ಮಂಜನ್ನೇ ನೋಡುತ್ತ ನಿಂತೆ. ಅಷ್ಟರಲ್ಲಿ ಅವನೇ ಬಂಡೆಯ ಮೇಲೆ ದೊಪ್ಪನೆ ಕೂತು, 'ಸಾರ್, ನನ್ನ ಕೈಲಾಗಲ್ಲ. ನೀವು ಬೇಕಾದ್ರೆ ಹೋಗಿ ಬನ್ನಿ' ಅಂದ. ಅಂಥವನನ್ನು ಬಿಟ್ಟು ಹೋಗುವುದು ಸರಿಯಲ್ಲವೆಂದು ನಾನೂ ಇಳಿದೆ. ಪಾಪ, ಅವನಿಗೆ ಸುಸ್ತೆಂದು ದಾರಿಯುದ್ದಕ್ಕೂ ಅವನ ಹೆಗಲ ಮೇಲೆ ಕೈ ಹಾಕಿಕೊಂಡೇ ಬಂದೆ.

ಷರತ್ತು ಷರತ್ತೇ ಎಂದು ಊಟದ ಹೊತ್ತಿಗೆ ತಿಳಿಸಿದೆ. ಮಗಳು ದುರುಗುಟ್ಟಿ ನೋಡಿದ್ದು ನನ್ನನ್ನಲ್ಲ, ಅವನನ್ನು. ಅವನು ತಟ್ಟೆ ನೋಡಿಕೊಂಡು 'ಅವರು ಹೇಳೋದು ನ್ಯಾಯಾನೇ' ಅಂದ. ಈಗ ಅವಳು ನಮ್ಮಿಬ್ಬರ ಜೊತೆಯೂ ಮಾತು ಬಿಟ್ಟಿದ್ದಾಳೆ. ಭಾನುವಾರ ಅವನ ತಂದೆತಾಯಿ ನಮ್ಮಲ್ಲಿಗೆ ಬರುವುದಿತ್ತಲ್ಲ, ಬೇಡವೆಂದು ನೀನೇ ನಯವಾಗಿ ಹೇಳಿಬಿಡು. ಹಲ್ಲಿನ ನೆಪ ಸಾಕು.

ಆರೋಗ್ಯ ನೋಡಿಕೋ. ಕೊಡೆಯ ವಿಷಯಕ್ಕೆ ಬೈಯಬೇಡ.

ನಿನ್ನ,
ಒಂಟಿ ಮಂಡಿಯ ಯಜಮಾನ

ತಾ.ಕ.: ಲಕೋಟೆಗೆ ಅಂಟು ಕೇಳಲು ಕೆಳಗೆ ಹೋಗಿದ್ದೆ. ವಸತಿಗೃಹದ ಒಡತಿಯ ಮೇಜಿನ ಹಿಂದೆ, ಈ ಬೆಟ್ಟದ ಓಟದಲ್ಲಿ ಗೆದ್ದವರ ಫೋಟೋಗಳಿವೆ. ಹೋದ ವರ್ಷದ್ದರಲ್ಲಿ ನಮ್ಮ ಹುಡುಗ, ಎದೆಗೆ ನಂಬರು ಚೀಟಿ, ಕೊರಳಿಗೆ ಪದಕ. 'ತುದಿಗೆ ಓಡಿ ಹೋಗಿ ಓಡಿ ಬಂದ, ಉಸಿರೂ ಏರಿರಲಿಲ್ಲ' ಎಂದಳು ಆಕೆ. ಫೋಟೋ ನೋಡಿದೆನೆಂದು ಅವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ, ನೀನೂ ಹೇಳಬೇಡ. ಬೇರೆ ಕಾಗದ ಬರೆಯಲು ಹಾಳೆಯಿಲ್ಲ, ಮೇಲಿನದನ್ನು ಮರೆತುಬಿಡು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬೀಗರು ನಮ್ಮ ಮನೆಗೆ ಬರುತ್ತಾರೆ.